ವೈಫೈ ದೀಪ ಹಸಿರಾಗಿದೆ, ನೆಟ್ ಯಾಕಿಲ್ಲ?

ವೈಫೈ ದೀಪ ಉರಿಯುತ್ತಿದ್ದರೆ ಇಂಟರ್ನೆಟ್ ಇದ್ದೇ ಇದೆ ಎಂದು ತುಂಬಾ ಜನ ನಂಬಿದ್ದಾರೆ. ಆ ದೀಪ ಹೇಳುವುದು ರೂಟರ್ ಒಳಗಿನ ರೇಡಿಯೊ ಕೆಲಸ ಮಾಡುತ್ತಿದೆ ಎಂದಷ್ಟೇ. ರೂಟರ್‌ನ ಪ್ರತಿಯೊಂದು ದೀಪವೂ ತನ್ನ ಪಾಲಿನ ದಾರಿಗೆ ಮಾತ್ರ ಸಾಕ್ಷಿ. ಒಂದರ ಸಾಕ್ಷಿಯನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಎಡವಟ್ಟಾಗುವುದು.

ಫೈಬರ್ ಸಂಪರ್ಕದ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಎಲ್‌ಒಎಸ್ ಎಂದು ಬರೆದಿರುವ ದೀಪವನ್ನು. ಅದು ಕೆಂಪಾದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ, ಅಥವಾ ಸಾಲದಷ್ಟು ಬರುತ್ತಿದೆ ಎಂದರ್ಥ. ಬೀದಿಯಲ್ಲಿ ಲೈನ್ ಕಟ್ ಆಗಿರಬಹುದು, ಬೀರುವಿನ ಹಿಂದೆ ತಂತಿ ಮಡಚಿಕೊಂಡಿರಬಹುದು. ಆಗ ಹಲವರು ಪಿನ್ ಹುಡುಕಿ ರಿಸೆಟ್ ರಂಧ್ರಕ್ಕೆ ಚುಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ವಿಚ್ ಆರಿಸಿ ಹಾಕುವುದೇ ಬೇರೆ, ರಿಸೆಟ್ಟೇ ಬೇರೆ. ಕೆಲವು ಸೆಕೆಂಡು ಒತ್ತಿ ಹಿಡಿದರೆ ವೈಫೈ ಹೆಸರು, ಪಾಸ್‌ವರ್ಡ್, ಎಷ್ಟೋ ಸಲ ಕಂಪನಿಯವರು ತುಂಬಿಸಿಟ್ಟ ಲಾಗಿನ್ ವಿವರವೂ ಅಳಿಸಿಹೋಗುತ್ತದೆ. ಲೈನ್ ಸರಿಯಾದ ಮೇಲೂ ನೆಟ್ ಬರುವುದಿಲ್ಲ.

ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: ಫೈಬರ್ ಬಿಚ್ಚಿ ತುದಿಗೆ ಕಣ್ಣಿಟ್ಟರೆ ಬೆಳಕು ಬರುತ್ತಿದೆಯೋ ಇಲ್ಲವೋ ತಿಳಿಯುತ್ತದೆ ಎನ್ನುವುದು. ಮನೆಗಳಿಗೆ ಫೈಬರ್ ಕೊಡಲು ಬಳಸುವ ಜಿಪಾನ್ ಎಂಬ ಬಗೆಯ ಜಾಲದಲ್ಲಿ ಮನೆಗೆ ಬರುವ ಲೇಸರ್ 1490 ನ್ಯಾನೋಮೀಟರ್ ತರಂಗದ್ದು. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700ರವರೆಗಿನದು ಮಾತ್ರ. ಬೆಳಕು ಇದ್ದರೂ ಕತ್ತಲೆಯೇ ಕಾಣುತ್ತದೆ. ಕಾಣದ ಲೇಸರ್‌ಗೆ ಕಣ್ಣು ಒಡ್ಡಲೇಬಾರದು, ಮಕ್ಕಳನ್ನಂತೂ ಹತ್ತಿರ ಬಿಡಬಾರದು.

ರಾತ್ರಿ ಎಲ್ಲರೂ ಮಲಗಿದ ಮೇಲೂ ದೀಪ ಮಿಣುಕಿದರೆ ಪಕ್ಕದ ಮನೆಯವರು ವೈಫೈ ಕದಿಯುತ್ತಿದ್ದಾರೆ ಎಂಬ ಅನುಮಾನ ಬೇಡ. ಟಿವಿ, ಕ್ಯಾಮೆರಾ, ಚಾರ್ಜ್‌ಗಿಟ್ಟ ಫೋನ್ ಎಲ್ಲವೂ ಸುಮ್ಮನಿದ್ದಾಗಲೂ ಸಣ್ಣಪುಟ್ಟ ಮಾಹಿತಿ ಕಳಿಸುತ್ತಲೇ ಇರುತ್ತವೆ. ಸಂಶಯವಿದ್ದರೆ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಯಾವ ಯಾವ ಸಾಧನ ಸೇರಿಕೊಂಡಿದೆ ಎಂಬ ಪಟ್ಟಿ ಸಿಗುತ್ತದೆ.

ಲ್ಯಾನ್ ಪೋರ್ಟಿನ ಕಿತ್ತಳೆ ದೀಪವನ್ನು ಕಂಡು ಪೋರ್ಟ್ ಸುಟ್ಟಿದೆ ಎನ್ನುವವರೂ ಇದ್ದಾರೆ. ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ; ಹಲವು ಸಾಧನಗಳಲ್ಲಿ ಹಸಿರು ಎಂದರೆ 1000 ಎಂಬಿಪಿಎಸ್, ಕಿತ್ತಳೆ ಎಂದರೆ 100. ಈ ವ್ಯತ್ಯಾಸದ ಮೂಲ ಎಷ್ಟೋ ಸಲ ಕೇಬಲ್‌ನಲ್ಲೇ ಇರುತ್ತದೆ. ಒಳಗೆ ಎಂಟು ತಂತಿಗಳಿವೆ. 100ಕ್ಕೆ ನಾಲ್ಕು ಸಾಕು, 1000ಕ್ಕೆ ಎಂಟೂ ಬೇಕು. ಬಾಗಿಲ ಸಂದಿಯಲ್ಲಿ ಸಿಕ್ಕಿ ಒಂದು ತುಂಡಾದರೂ ವೇಗ 100ಕ್ಕೆ ಇಳಿಯಬಹುದು. 300 ಎಂಬಿಪಿಎಸ್ ಪ್ಲಾನ್‌ಗೆ ದುಡ್ಡು ಕೊಟ್ಟು 95 ಮಾತ್ರ ಬರುತ್ತಿದ್ದರೆ, ಕಂಪನಿಗೆ ಫೋನ್ ಮಾಡುವ ಮುಂಚೆ ಕೇಬಲ್ ಬದಲಿಸಿ ನೋಡಿ.

ಇನ್ನು ಕಚೇರಿ, ಹಾಸ್ಟೆಲ್‌ಗಳ ಚಾವಣಿಗೆ ಅಂಟಿಸಿದ ಆಕ್ಸೆಸ್ ಪಾಯಿಂಟ್. ಅದಕ್ಕೆ ನೆಟ್ ಮತ್ತು ಕರೆಂಟ್ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ಇದಕ್ಕೆ ಪಿಒಇ ಎನ್ನುತ್ತಾರೆ. ಆ ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಸುಟ್ಟೇಹೋಗುತ್ತದೆ ಎಂಬ ಭಯವಿದೆ. 2003ರಲ್ಲಿ ಬಂದ ಮಾನದಂಡದ ಪ್ರಕಾರ ಸ್ವಿಚ್ ಮೊದಲು ಸಣ್ಣ ವೋಲ್ಟೇಜ್ ಕಳಿಸಿ, ಆ ಕಡೆ ಸುಮಾರು 25 ಕಿಲೋ ಓಮ್ ರೋಧ ಇದೆಯೇ ಎಂದು ಪರೀಕ್ಷಿಸುತ್ತದೆ. ಇದ್ದರೆ ಮಾತ್ರ 48 ವೋಲ್ಟ್ ಆಸುಪಾಸಿನ ವಿದ್ಯುತ್ ಬಿಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆ ರೋಧ ಇರುವುದಿಲ್ಲ, ಹಾಗಾಗಿ ಹಾನಿಯಿಲ್ಲ. ಆದರೆ ಪ್ಯಾಸಿವ್ ಪಿಒಇ ಅಡಾಪ್ಟರ್‌ಗಳು ಏನನ್ನೂ ಪರೀಕ್ಷಿಸದೆ ನೇರವಾಗಿ 24 ಅಥವಾ 48 ವೋಲ್ಟ್ ಹರಿಸುತ್ತವೆ. ಅಲ್ಲಿ ಭಯ ನಿಜವೇ. ಅಡಾಪ್ಟರ್ ಮೇಲಿನ ಬರಹ ಓದದೆ ಅದರ ಪಿಒಇ ಪೋರ್ಟಿಗೆ ಬೇರೇನನ್ನೂ ಸಿಕ್ಕಿಸಬೇಡಿ.