ಮುಖದ ಬಂಗು ಮತ್ತು ಬಿಡಲಾಗದ ಟ್ಯೂಬು

ಸುರಪುರ ಕಡೆಯ ಹಳ್ಳಿಯೊಂದರಿಂದ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬರು ಶಹಾಪುರದ ನನ್ನ ದವಾಖಾನೆಗೆ ಬಂದಿದ್ದರು. ಸೆರಗು ಸರಿಸಿದಾಗ ಕಂಡದ್ದು ಕೆಂಪೇರಿದ ಕೆನ್ನೆಗಳು, ಮೊಡವೆಯಂತಹ ಸಣ್ಣ ಗುಳ್ಳೆಗಳು, ತೆಳುವಾದ ಚರ್ಮದಡಿ ದಾರದಂತೆ ಕಾಣುವ ರಕ್ತನಾಳಗಳು. "ಮೊದಲ ಬರೇ ಕರಿ ಕಲಿ ಇತ್ರಿ ಡಾಕ್ಟ್ರೇ. ಟ್ಯೂಬ್ ಹಚ್ಚಿದ ಹದಿನೈದ ದಿನದಾಗ ಹೋತು. ಬಿಟ್ರ ಮಾರಿ ಉರೀತದ, ಕಲಿ ಮತ್ತ ಬರ್ತದ. ಹಂಗ ಮಾಡಿ ಎರಡ ವರ್ಷ ಹಚ್ಚೀನ್ರಿ" ಎಂದರು. ಟ್ಯೂಬನ್ನು ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ. ಪಕ್ಕದ ಮನೆಯವರ ಖಾಲಿ ಡಬ್ಬಿಯನ್ನು ಔಷಧಿ ಅಂಗಡಿಯಲ್ಲಿ ತೋರಿಸಿ ತಂದದ್ದು.

ಅವರಿಗೆ ಮೊದಲು ಇದ್ದದ್ದು ಬಂಗು. ವೈದ್ಯಕೀಯದಲ್ಲಿ ಇದನ್ನು ಮೆಲಾಸ್ಮಾ ಎನ್ನುತ್ತಾರೆ. ಕೆನ್ನೆ, ಹಣೆ, ಮೂಗು, ಮೇಲ್ದುಟಿಯ ಮೇಲೆ ಸಾಮಾನ್ಯವಾಗಿ ಎರಡೂ ಬದಿಗೆ ಸಮನಾಗಿ ಹರಡುವ ಕಂದು ಕಲೆ. ತುರಿಕೆಯಿಲ್ಲ, ನೋವಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳು ಅತಿಯಾಗಿ ಕೆಲಸ ಮಾಡಿದಾಗ ಹೀಗಾಗುತ್ತದೆ. ರಕ್ತ ಕೆಟ್ಟಿದೆ, ಗರ್ಭಕೋಶದಲ್ಲಿ ದೋಷವಿದೆ, ಲಿವರ್ ಹಾಳಾಗಿದೆ ಎಂದು ಹೆದರಿಸುವವರು ಬಹಳ. ಅದಾವುದೂ ನಿಜವಲ್ಲ. ಅತ್ತೆ ಮನೆಯವರು ಹೀಗೆ ಆಡಿಕೊಂಡರೆಂದು ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ, ಆದ್ದರಿಂದಲೇ ಒತ್ತಿ ಬರೆಯುತ್ತಿದ್ದೇನೆ.

ಆ ಜೀವಕೋಶಗಳನ್ನು ಕೆರಳಿಸುವ ಮುಖ್ಯ ಕಾರಣ ಬಿಸಿಲು. ಅದರ ಜೊತೆಗೆ ಹಾರ್ಮೋನುಗಳ ಏರುಪೇರು ಮತ್ತು ವಂಶದ ಗುಣ. ಬಸುರಿನಲ್ಲಿ ಮೂಡಿದ ಬಂಗು ಹೆರಿಗೆಯಾದ ಕೆಲವು ತಿಂಗಳಲ್ಲಿ ಅನೇಕರಿಗೆ ತಾನಾಗಿ ತಿಳಿಯಾಗುತ್ತದೆ. ಗಂಡಸರಿಗೂ ಬರುವುದುಂಟು, ಅವರು ತೋರಿಸಿಕೊಳ್ಳಲು ಬರುವುದು ಕಡಿಮೆ. ಯಾದಗಿರಿ ಜಿಲ್ಲೆಯ ಬೇಸಿಗೆಯನ್ನು ನಾನು ವರ್ಣಿಸಬೇಕಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಭತ್ತದ ನಾಟಿ ಬಂತು. ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು ಇದ್ದೇ ಇವೆ. ಈ ಕೆಲಸಗಳಲ್ಲಿ ಹೆಚ್ಚಿನವರು ಹೆಂಗಸರೇ. ಮನೆಗೆ ಬಂದರೆ ಒಲೆಯ ಝಳ. ಬರೀ ಶಾಖವೂ ಬಂಗನ್ನು ಹೆಚ್ಚಿಸಬಲ್ಲದು.

ಇನ್ನು ಆ ಟ್ಯೂಬಿನ ವಿಚಾರ. ಅದರಲ್ಲಿ ಮೂರು ಔಷಧಗಳು ಕೂಡಿರುತ್ತವೆ. ಹೈಡ್ರೋಕ್ವಿನೋನ್ ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ. ಟ್ರೆಟಿನಾಯಿನ್ ಚರ್ಮದ ಮೇಲ್ಪದರ ಬೇಗ ಕಳಚುವಂತೆ ಮಾಡುತ್ತದೆ. ಇವೆರಡರಿಂದ ಆಗುವ ಉರಿಯನ್ನು ಅಡಗಿಸಲು ಒಂದು ಸ್ಟೀರಾಯ್ಡ್. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಇಂತಹ ಮಿಶ್ರಣವನ್ನು ವರದಿ ಮಾಡಿದರು. ಔಷಧ ಕೆಟ್ಟದ್ದಲ್ಲ. ತಜ್ಞರ ಕಣ್ಣೆದುರು, ರಾತ್ರಿ ಮಾತ್ರ, ಕಲೆಯ ಮೇಲಷ್ಟೇ ತೆಳುವಾಗಿ, ಸುಮಾರು ಎಂಟು ವಾರದ ಮಟ್ಟಿಗೆ ಬಳಸಿದರೆ ಬಹಳ ಉಪಯೋಗಿ. ಆದರೆ ನಮ್ಮಲ್ಲಿ ಅದು ಪೌಡರಿನಂತೆ ನಿತ್ಯದ ಸಾಮಾನಾಗಿದೆ. ಮುಖ ಬೆಳ್ಳಗಾಗಲಿ ಎಂದು ಕಾಲೇಜಿಗೆ ಹೋಗುವ ಹುಡುಗಿಯರೂ ಹಚ್ಚುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಮೊಡವೆ ಏಳಿಸುತ್ತದೆ, ಕೆಲವರಿಗೆ ಮುಖದ ಮೇಲೆ ಕೂದಲು ಬೆಳೆಸುತ್ತದೆ. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಉರಿ ತಾಳದೆ ಮತ್ತೆ ಹಚ್ಚುತ್ತಾರೆ. ಹೈಡ್ರೋಕ್ವಿನೋನ್ ವರ್ಷಗಟ್ಟಲೆ ಹಚ್ಚಿದರೆ ನೀಲಿಗಪ್ಪು ಬಣ್ಣ ಕೂತುಬಿಡಬಹುದು. ಅದನ್ನು ತೆಗೆಯುವುದು ಬಂಗಿಗಿಂತ ಕಷ್ಟ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಮಾಡಿತು. ಆದರೂ ಚೀಟಿ ಕೇಳುವ ಅಂಗಡಿ ಎಷ್ಟಿವೆಯೆಂದು ಓದುಗರಿಗೇ ಗೊತ್ತು.

ಹೆಸರು, ವಿಳಾಸ ಸರಿಯಾಗಿಲ್ಲದ ಬಿಳಿಯಾಗಿಸುವ ಕ್ರೀಮುಗಳದು ಇನ್ನೊಂದು ಗಂಡಾಂತರ. ಅವುಗಳಲ್ಲಿ ಪಾದರಸ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡದ್ದು ವರದಿಯಾಯಿತು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಲೆಯಾಗುತ್ತದೆ. ನಿಂಬೆ ಪಾನಕಕ್ಕೇ ಇರಲಿ.

ಹಾಗಾದರೆ ಮಾಡಬೇಕಾದ್ದೇನು? ಬಿಸಿಲು ತಡೆಯದೆ ಯಾವ ಮುಲಾಮು ಹಚ್ಚಿದರೂ ತೂತಿನ ಕೊಡಕ್ಕೆ ನೀರು ಹಾಕಿದಂತೆ. ಹೊಲಕ್ಕೆ ಹೋಗುವವರು ಒತ್ತಾದ ನೇಯ್ಗೆಯ ಹತ್ತಿ ಬಟ್ಟೆಯನ್ನು ಹಣೆ, ಕೆನ್ನೆ ಮುಚ್ಚುವಂತೆ ಕಟ್ಟಿಕೊಳ್ಳಲಿ, ಮೇಲೆ ಅಗಲ ಅಂಚಿನ ಟೋಪಿಯಿದ್ದರೆ ಇನ್ನೂ ಒಳ್ಳೆಯದು. ತೆಳು ಸೀರೆಯ ಸೆರಗು ಸಾಲದು. ಸಾಧ್ಯವಿದ್ದರೆ ಹತ್ತರಿಂದ ನಾಲ್ಕರವರೆಗಿನ ಬಿಸಿಲು ತಪ್ಪಿಸಿ ಎಂದು ಪುಸ್ತಕಗಳು ಹೇಳುತ್ತವೆ. ಕೂಲಿಯವರಿಗೆ ಆ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೊಳ್ಳುವ ಶಕ್ತಿಯುಳ್ಳವರು ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ತೆಗೆದು ಮುಖ, ಕುತ್ತಿಗೆಗೆ ಹಚ್ಚಿ, ಹೊರಗಿದ್ದರೆ ಎರಡು ಮೂರು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬಂಗಿಗೆ ಹೆಚ್ಚು ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ, ಬಿಳಿಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯದು. ಬಸ್ಸಿನ ಕಿಟಕಿಯ ಗಾಜು ಕೂಡ ಬಿಸಿಲಿನ ಎಲ್ಲ ಕಿರಣಗಳನ್ನು ತಡೆಯುವುದಿಲ್ಲ.

ಸಂತಾನ ನಿಯಂತ್ರಣದ ಮಾಲಾ-ಎನ್ ಮುಂತಾದ ಗುಳಿಗೆ ತೆಗೆದುಕೊಳ್ಳುವಾಗ ಬಂಗು ಹೆಚ್ಚಾದರೆ ತಾವಾಗಿ ಬಿಡಬೇಡಿ. ಕಾಪರ್-ಟಿಯಂತಹ ಹಾರ್ಮೋನಿಲ್ಲದ ವಿಧಾನಗಳ ಬಗ್ಗೆ ವೈದ್ಯರನ್ನು ಕೇಳಿ. ಬಸುರಿಯರು ಮೇಲೆ ಹೇಳಿದ ಮೂರು ಔಷಧದ ಟ್ಯೂಬನ್ನು ಮುಟ್ಟಬಾರದು. ಅತಿಯಾದ ಮುಟ್ಟಿಗೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆಯನ್ನು ಈಚೆಗೆ ಬಂಗಿಗೂ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಅಪಾಯ, ಆದ್ದರಿಂದ ಅವರಿವರ ಮಾತು ಕೇಳಿ ನುಂಗಬೇಡಿ. ಇನ್ನೊಂದು ಮಾತು: ಕಲೆ ಸುತ್ತಲಿನ ಚರ್ಮಕ್ಕಿಂತ ಬಿಳುಪಾಗಿದ್ದು ಸ್ಪರ್ಶ ತಿಳಿಯದಿದ್ದರೆ ಅದು ಬಂಗಲ್ಲ. ಕುಷ್ಠವಿರಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ.

ಆ ಹೆಣ್ಣುಮಗಳನ್ನು ಚರ್ಮರೋಗ ತಜ್ಞರ ಬಳಿ ಕಳಿಸಿದೆ. ಹಚ್ಚುತ್ತಿದ್ದ ಟ್ಯೂಬನ್ನೂ ಒಯ್ಯಲು ಹೇಳಿದೆ, ಏನು ಹಚ್ಚಿದ್ದರೆಂದು ತಿಳಿಯದೆ ಚಿಕಿತ್ಸೆ ಕಷ್ಟ. ಅವರು ಸ್ಟೀರಾಯ್ಡನ್ನು ಹಂತಹಂತವಾಗಿ ಬಿಡಿಸಿದರು. ಮೊದಲ ಎರಡು ತಿಂಗಳು ಮುಖ ಮೊದಲಿಗಿಂತ ಕೆಟ್ಟಿತ್ತು. ಇದನ್ನು ಮುಂಚೆಯೇ ಹೇಳಿದ್ದರಿಂದ ತಾಳಿಕೊಂಡರು. ಆರು ತಿಂಗಳಿಗೆ ಕೆಂಪು ಇಳಿಯಿತು. ಬಂಗು ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಬೇಸಿಗೆಯಲ್ಲಿ ಕೊಂಚ ಮರಳಬಹುದು ಎಂದೂ ಅವರಿಗೆ ತಿಳಿಸಿದ್ದೇನೆ.