ದ್ವೀಪಗಳ ನಾಡಿನಲ್ಲಿ ಶಿಕ್ಷಕರು

ಒಂದು ದೇಶದ ಪ್ರಗತಿಯನ್ನು ಅಳೆಯುವುದಕ್ಕೆ ಅನೇಕ ಮಾನದಂಡಗಳಿವೆ. ಹೊಲಗದ್ದೆಗಳ ಬೆಳೆ, ಕಾರ್ಖಾನೆಗಳ ಉತ್ಪನ್ನ, ಜನರ ಆದಾಯ ಇವುಗಳನ್ನು ಲೆಕ್ಕಹಾಕುವಂತೆಯೇ ವಿದ್ಯಾಭ್ಯಾಸದ ಸ್ಥಿತಿಯನ್ನೂ ಅಂಕಿಗಳಲ್ಲಿ ಹೇಳುವ ಪದ್ಧತಿಯುಂಟು. ತರಬೇತಿ ಹೊಂದಿದ ಒಬ್ಬೊಬ್ಬ ಶಿಕ್ಷಕರ ಪಾಲಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು ಬರುತ್ತಾರೆ ಎಂಬುದು ಅಂತಹ ಅಂಕಿಗಳಲ್ಲಿ ಒಂದು. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ ಹಲವು ದೇಶಗಳಿಂದ ಈ ಲೆಕ್ಕವನ್ನು ಸಂಗ್ರಹಿಸಿ ಪ್ರಕಟಿಸುತ್ತ ಬಂದಿದೆ.

ಲೆಕ್ಕವೇನೋ ಸುಲಭವಾದುದು. ಒಂದು ಪ್ರೌಢಶಾಲೆಯಲ್ಲಿ 240 ಮಂದಿ ವಿದ್ಯಾರ್ಥಿಗಳೂ 12 ಮಂದಿ ಶಿಕ್ಷಕರೂ ಇದ್ದಾರೆಂದು ಭಾವಿಸೋಣ. ಒಬ್ಬ ಶಿಕ್ಷಕರಿಗೆ 20 ವಿದ್ಯಾರ್ಥಿಗಳಾದರು. ಆದರೆ ಆ ಹನ್ನೆರಡು ಮಂದಿಯಲ್ಲಿ 8 ಮಂದಿ ಮಾತ್ರ ಬೋಧನೆಯಲ್ಲಿ ತರಬೇತಿ ಪಡೆದವರಾಗಿದ್ದರೆ, ತರಬೇತಿ ಹೊಂದಿದ ಶಿಕ್ಷಕರೊಬ್ಬರ ಪಾಲಿಗೆ 30 ವಿದ್ಯಾರ್ಥಿಗಳು ಬರುತ್ತಾರೆ. ಶಾಲೆ ಅದೇ, ಮಕ್ಕಳೂ ಅವರೇ. ಯಾರನ್ನು ಶಿಕ್ಷಕರೆಂದು ಎಣಿಸುತ್ತೇವೆ ಎಂಬುದರ ಮೇಲೆ ಅಂಕಿ ಬದಲಾಯಿತು. ಈ ಎರಡು ಅಂಕಿಗಳ ನಡುವಣ ಅಂತರ ಹೆಚ್ಚಿದಷ್ಟೂ ಆ ಶಾಲೆಯ ಕೊರತೆ ಹೆಚ್ಚೆಂದು ತಿಳಿಯಬೇಕು.

ತರಬೇತಿಗೆ ಇಷ್ಟೊಂದು ಬೆಲೆ ಏಕೆ? ವಿಷಯವನ್ನು ಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲವರಾಗುವುದಿಲ್ಲ. ಬೀಜಗಣಿತದ ಲೆಕ್ಕವನ್ನು ತಾನು ಬಿಡಿಸುವುದು ಒಂದು ಶಕ್ತಿ. ಅದೇ ಲೆಕ್ಕದಲ್ಲಿ ವಿದ್ಯಾರ್ಥಿ ಯಾವ ಹಂತದಲ್ಲಿ ಎಡವಿದನೆಂದು ಕಂಡುಹಿಡಿದು, ಅವನನ್ನು ಅಲ್ಲಿಂದ ಮುಂದಕ್ಕೆ ಕೊಂಡೊಯ್ಯುವುದು ಇನ್ನೊಂದು ಶಕ್ತಿ. ಈ ಎರಡನೆಯದು ಅಭ್ಯಾಸದಿಂದಲೂ ಶಿಕ್ಷಣದಿಂದಲೂ ಬರುವಂಥದು.

ಇನ್ನು ಈ ಲೆಕ್ಕವನ್ನು ಒಂದು ಚಿಕ್ಕ ದೇಶಕ್ಕೆ ಅನ್ವಯಿಸಿ ನೋಡೋಣ. ನಮ್ಮ ಲಕ್ಷದ್ವೀಪದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ ಮಾಲ್ಡೀವ್ಸ್ ಎಂಬ ದೇಶವಿದೆ. ಸುಮಾರು 1,200 ಹವಳದ ದ್ವೀಪಗಳು ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರುಗಳಿಗೂ ಹೆಚ್ಚು ದೂರ ಹರಡಿಕೊಂಡಿವೆ. ಇವುಗಳಲ್ಲಿ ಜನವಸತಿಯಿರುವುವು 200ಕ್ಕಿಂತ ಕಡಿಮೆ. ದೇಶದ ಒಟ್ಟು ಜನಸಂಖ್ಯೆ ಸುಮಾರು 5 ಲಕ್ಷ. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ರಾಜಧಾನಿಯಾದ ಮಾಲೆಯಲ್ಲಿಯೇ ನೆಲೆಸಿದ್ದಾರೆ. ಉಳಿದವರು ಕಡಲಿನ ನಡುವೆ ಚದುರಿದ ಊರುಗಳಲ್ಲಿದ್ದಾರೆ. ಹಲವು ದ್ವೀಪಗಳ ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ.

ಇಂತಹ ಒಂದು ದ್ವೀಪದ ಶಾಲೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳು 60, ತರಬೇತಿ ಹೊಂದಿದ ಶಿಕ್ಷಕರು 6 ಎಂದಿಟ್ಟುಕೊಳ್ಳೋಣ. ಶಿಕ್ಷಕರೊಬ್ಬರಿಗೆ ಹತ್ತೇ ವಿದ್ಯಾರ್ಥಿಗಳು! ಕಾಗದದ ಮೇಲೆ ಇದಕ್ಕಿಂತ ಉತ್ತಮವಾದ ಸ್ಥಿತಿ ಇರಲಾರದು. ಆದರೆ ಆ ಮಕ್ಕಳು ಇಂಗ್ಲಿಷ್, ದಿವೇಹಿ ಭಾಷೆ, ಇಸ್ಲಾಂ ಧರ್ಮ, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಲೆಕ್ಕಶಾಸ್ತ್ರ ಮುಂತಾದ ವಿಷಯಗಳನ್ನು ಕಲಿಯಬೇಕಾಗಿದೆ. ವಿಷಯಗಳು ಎಂಟು, ಶಿಕ್ಷಕರು ಆರು. ಯಾವುದೋ ಎರಡು ವಿಷಯಗಳನ್ನು ಅವುಗಳಲ್ಲಿ ಪರಿಣತರಲ್ಲದವರು ಕಲಿಸಬೇಕು, ಇಲ್ಲವೇ ಆ ವಿಷಯಗಳನ್ನು ಕೈಬಿಡಬೇಕು. ಪಟ್ಟಣದಲ್ಲಿ 600 ವಿದ್ಯಾರ್ಥಿಗಳಿಗೆ 30 ಶಿಕ್ಷಕರಿರುವ ಶಾಲೆಯ ಅಂಕಿ 20 ಆಗುತ್ತದೆ. ದ್ವೀಪದ ಶಾಲೆಯ ಅಂಕಿಯ ಎರಡರಷ್ಟು. ಹಾಗಿದ್ದರೂ ಅಲ್ಲಿ ಪ್ರತಿಯೊಂದು ವಿಷಯಕ್ಕೂ ಶಿಕ್ಷಕರು ದೊರೆಯುತ್ತಾರೆ. ಒಬ್ಬರು ರಜೆಯ ಮೇಲೆ ಹೋದರೆ ಇನ್ನೊಬ್ಬರು ಆ ತರಗತಿಯನ್ನು ತೆಗೆದುಕೊಳ್ಳುತ್ತಾರೆ. ದ್ವೀಪದ ಶಾಲೆಯಲ್ಲಿಯಾದರೋ ಗಣಿತದ ಶಿಕ್ಷಕರೊಬ್ಬರು ನಡುವರ್ಷದಲ್ಲಿ ಕೆಲಸ ಬಿಟ್ಟರೆ ಗಣಿತವೇ ನಿಲ್ಲುವ ಭಯವುಂಟು. ಹತ್ತನೆಯ ತರಗತಿಯ ಕೊನೆಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಇಂಗ್ಲೆಂಡಿನ ಪರೀಕ್ಷಾ ಮಂಡಲಿಗಳು ನಡೆಸುವ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಾರೆ. ಆ ಪರೀಕ್ಷೆ ಮಾಲೆಯ ವಿದ್ಯಾರ್ಥಿಗೂ ದೂರದ ದ್ವೀಪದ ವಿದ್ಯಾರ್ಥಿಗೂ ಒಂದೇ.

ಈ ಕೊರತೆಗೆ ಚಾರಿತ್ರಿಕ ಕಾರಣಗಳಿವೆ. ಮಾಲೆಯಲ್ಲಿ 1927ರಲ್ಲಿ ಸ್ಥಾಪಿತವಾದ ಮಜೀದಿಯ್ಯಾ ಶಾಲೆ ಅಲ್ಲಿನ ಆಧುನಿಕ ವಿದ್ಯಾಭ್ಯಾಸದ ಮೊದಲ ನೆಲೆಗಳಲ್ಲಿ ಒಂದು. ಬಹುಕಾಲದವರೆಗೆ ಪ್ರೌಢಶಿಕ್ಷಣವು ರಾಜಧಾನಿಯಲ್ಲಿ ಮಾತ್ರ ದೊರೆಯುತ್ತಿತ್ತು. ಓದಬೇಕೆಂಬ ಹಂಬಲವುಳ್ಳ ಮಕ್ಕಳು ಚಿಕ್ಕ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಬಿಟ್ಟು, ಕಡಲು ದಾಟಿ, ಮಾಲೆಯಲ್ಲಿ ಬಂಧುಗಳ ಅಥವಾ ಪರಿಚಿತರ ಮನೆಯಲ್ಲಿ ಉಳಿಯಬೇಕಾಗಿತ್ತು. ಅದಕ್ಕೆ ಅನುಕೂಲವಿಲ್ಲದವರ ಓದು ಅಲ್ಲಿಗೇ ಮುಗಿಯುತ್ತಿತ್ತು. 1970ರ ದಶಕದ ಕೊನೆಯಿಂದ ದ್ವೀಪಗಳಲ್ಲಿ ಶಾಲೆಗಳನ್ನು ಕಟ್ಟುವ ಕಾರ್ಯ ವೇಗಗೊಂಡಿತು. ಕಟ್ಟಡಗಳು ಎದ್ದವು, ಮಕ್ಕಳು ಬಂದರು. ಆದರೆ ಪ್ರೌಢಶಾಲೆಗಳಲ್ಲಿ ಕಲಿಸಬಲ್ಲವರು ನಾಡಿನಲ್ಲಿ ಸಾಕಷ್ಟು ಇರಲಿಲ್ಲ.

ಆಗ ನೆರವಿಗೆ ಬಂದವರು ನೆರೆನಾಡಿನ ಶಿಕ್ಷಕರು. ಭಾರತ ಮತ್ತು ಶ್ರೀಲಂಕಾಗಳಿಂದ ಹೋದ ಉಪಾಧ್ಯಾಯರು ವಿಜ್ಞಾನ, ಗಣಿತ, ಇಂಗ್ಲಿಷ್ ಮುಂತಾದ ವಿಷಯಗಳನ್ನು ಅಲ್ಲಿನ ಮಕ್ಕಳಿಗೆ ಕಲಿಸಿದರು, ಇಂದಿಗೂ ಕಲಿಸುತ್ತಿದ್ದಾರೆ. ಅವರ ಸೇವೆ ಸ್ಮರಣೀಯವಾದುದು. ಆದರೂ ಒಪ್ಪಂದದ ಅವಧಿ ಮುಗಿದೊಡನೆ ಅವರಲ್ಲಿ ಅನೇಕರು ತಾಯ್ನಾಡಿಗೆ ಮರಳುವುದು ಸಹಜ. ಹೊಸಬರು ಬಂದು ಮಕ್ಕಳ ಮಾತನ್ನೂ ಮನಸ್ಸನ್ನೂ ಅರಿಯುವಷ್ಟರಲ್ಲಿ ಕಾಲ ಕಳೆದಿರುತ್ತದೆ. ತರಬೇತಿ ಹೊಂದಿದ ಶಿಕ್ಷಕರ ಅಂಕಿ ಈ ವರ್ಷವೂ ಮುಂದಿನ ವರ್ಷವೂ ಒಂದೇ ಆಗಿರಬಹುದು. ತರಗತಿಯಲ್ಲಿ ನಿಂತವರು ಮಾತ್ರ ಬೇರೆಯಾಗಿರುತ್ತಾರೆ.

ಮಾಲ್ಡೀವ್ಸಿನ ಜನ ಇದನ್ನು ಅರಿಯದೆ ಇರಲಿಲ್ಲ. 1984ರಲ್ಲಿ ಅಲ್ಲಿ ಶಿಕ್ಷಕರ ತರಬೇತಿಗಾಗಿಯೇ ಒಂದು ಸಂಸ್ಥೆ ಸ್ಥಾಪಿತವಾಯಿತು. 1998ರಲ್ಲಿ ಅದು ಉನ್ನತ ಶಿಕ್ಷಣದ ಕಾಲೇಜಿನೊಡನೆ ಸೇರಿತು. ಆ ಕಾಲೇಜೇ 2011ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ರಾಜಧಾನಿಯ ಹೊರಗೂ ಉತ್ತರ ದಕ್ಷಿಣಗಳ ದ್ವೀಪಗಳಲ್ಲಿ ಅದರ ಶಾಖೆಗಳಿವೆ. ದ್ವೀಪದ ಯುವಕ ಯುವತಿಯರು ಮನೆಗೆ ಸಮೀಪದಲ್ಲಿ ತರಬೇತಿ ಪಡೆದರೆ, ತಮ್ಮ ಊರಿನ ಶಾಲೆಯಲ್ಲಿಯೇ ನೆಲೆನಿಂತು ಕಲಿಸುವ ಸಂಭವ ಹೆಚ್ಚು. ಇದರ ಫಲವಾಗಿ ಸ್ಥಳೀಯ ಶಿಕ್ಷಕರ ಸಂಖ್ಯೆ ಹಿಂದಿಗಿಂತ ಏರಿದೆ. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಗುರಿಗಳಲ್ಲಿಯೂ, 2030ರೊಳಗಾಗಿ ಅರ್ಹ ಶಿಕ್ಷಕರನ್ನು ಹೆಚ್ಚಿಸಬೇಕೆಂದು ಹೇಳುವಾಗ, ಚಿಕ್ಕ ದ್ವೀಪರಾಷ್ಟ್ರಗಳ ಹೆಸರನ್ನು ವಿಶೇಷವಾಗಿ ಎತ್ತಿ ಹೇಳಲಾಗಿದೆ.

ಅಂಕಿಗಳನ್ನು ಅಲ್ಲಗಳೆಯಬೇಕಾಗಿಲ್ಲ. ಅವು ಇಲ್ಲದಿದ್ದರೆ ಕೊರತೆ ಎಲ್ಲಿದೆಯೆಂದು ತಿಳಿಯುವುದೇ ಕಷ್ಟ. ಆದರೆ ಒಂದು ಅಂಕಿಯನ್ನು ಕಂಡಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ವಿವೇಕ: ಇಲ್ಲಿ ಎಣಿಸಿದ ಶಿಕ್ಷಕರು ಯಾರು? ಅವರು ಯಾವ ವಿಷಯವನ್ನು ಬಲ್ಲರು? ಮುಂದಿನ ವರ್ಷವೂ ಅವರು ಅಲ್ಲಿಯೇ ಇರುವರೇ? ಕಡಲಿನ ನಡುವಣ ಚಿಕ್ಕ ಶಾಲೆಯೊಂದರಲ್ಲಿ ಕುಳಿತ ವಿದ್ಯಾರ್ಥಿಯ ಭವಿಷ್ಯ ಈ ಪ್ರಶ್ನೆಗಳ ಉತ್ತರವನ್ನೇ ಅವಲಂಬಿಸಿದೆ.