ಬಾಲ್ಯದ ಗಾಯ, ಪ್ರಾಯದ ಕವಚ

1985ರ ಸುಮಾರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ಅತಿಸ್ಥೂಲಕಾಯರಿಗಾಗಿ ನಡೆಸುತ್ತಿದ್ದ ಚಿಕಿತ್ಸಾಲಯದಲ್ಲಿ, ತೂಕ ಇಳಿಯದವರಲ್ಲ, ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆಯನ್ನು ನಡುವೆ ಬಿಟ್ಟುಹೋಗುತ್ತಿದ್ದರು. ಕಾರಣವನ್ನರಸಿ ಒಬ್ಬೊಬ್ಬರನ್ನಾಗಿ ಮಾತನಾಡಿಸಿದಾಗ, ಅವರಲ್ಲಿ ಬಹುಮಂದಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಈಡಾದವರೆಂದೂ, ಮೈ ಇಳಿದೊಡನೆ ಪುರುಷರ ದೃಷ್ಟಿ ಮತ್ತೆ ತಮ್ಮತ್ತ ತಿರುಗೀತೆಂಬ ಭೀತಿ ಕೆಲವು ಹೆಂಗಸರನ್ನು ಕಾಡುತ್ತಿತ್ತೆಂದೂ ತಿಳಿದುಬಂತು. ವೈದ್ಯರು ರೋಗವೆಂದು ಬಗೆದದ್ದು ಅವರ ಪಾಲಿಗೆ ಕವಚವಾಗಿತ್ತು.

ಮುಂದೆ ಫೆಲಿಟಿಯವರೂ ಸಂಶೋಧಕ ರಾಬರ್ಟ್ ಆಂಡಾ ಅವರೂ ಕೂಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ಅಥವಾ ಹೆಚ್ಚು ಬಗೆಯ ಬಾಲ್ಯಸಂಕಟಗಳನ್ನು ಉಂಡವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯಾಪ್ರಯತ್ನಗಳ ಸಂಭವವು ಏನನ್ನೂ ಅನುಭವಿಸದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಅಧಿಕವೆಂದು ಕಂಡುಬಂತು.

ಇದರ ಮರ್ಮವನ್ನು ಮಗುವಿನ ನಿಸ್ಸಹಾಯತೆಯಲ್ಲಿಯೇ ಅರಸಬೇಕು. ಅನ್ನವಿಕ್ಕುವ ಕೈಯೇ ಹಿಂಸಿಸಿದಾಗ, ಮನೆ ಬಿಟ್ಟು ಓಡಲಾರದ ಬಾಲೆಯು ಮನಸ್ಸಿನಿಂದ ಓಡುವಳು. ನೋವು ಮತ್ತಾರಿಗೋ ಆಗುತ್ತಿದೆಯೆಂಬಂತೆ ದೇಹದಿಂದ ದೂರ ನಿಲ್ಲುವಳು. ಹಿರಿಯರು ಕೆಟ್ಟವರೆಂದು ನಂಬುವುದಕ್ಕಿಂತ ತಾನೇ ಕೆಟ್ಟವಳೆಂದು ನಂಬುವುದು ಸಹ್ಯವಾದುದರಿಂದ ತಪ್ಪನ್ನು ತನ್ನ ತಲೆಗೇ ಕಟ್ಟಿಕೊಳ್ಳುವಳು. ಹೆಜ್ಜೆಯ ಸಪ್ಪಳದಿಂದಲೇ ಬಂದವರ ಮುನಿಸನ್ನಳೆಯಲು ಕಲಿಯುವಳು. ಅಂದು ಅವಳನ್ನು ಕಾಪಾಡಿದ ಈ ಉಪಾಯಗಳೇ ಮೂವತ್ತರ ಪ್ರಾಯದಲ್ಲಿ ಬೇರೆ ಹೆಸರು ಪಡೆಯುತ್ತವೆ: ಮಾತಿನ ನಡುವೆ ಮರವಟ್ಟು ಕುಳಿತರೆ "ಗಮನವಿಲ್ಲ"ವೆಂದೂ, ಬಾಗಿಲು ಬಡಿದ ಸದ್ದಿಗೆ ಬೆಚ್ಚಿದರೆ "ಪುಕ್ಕಲಿ"ಯೆಂದೂ, ಯಾರಿಗೂ ಒಲ್ಲೆನೆನ್ನಲಾರದಿದ್ದರೆ "ಬಲು ಒಳ್ಳೆಯ ಸೊಸೆ"ಯೆಂದೂ ಮನೆಯವರು ಕರೆಯುವರು.

ನಮ್ಮಲ್ಲಿ ಇಂಥ ದೌರ್ಜನ್ಯವನ್ನು ಕುರಿತ ಮೌನಕ್ಕೆ ಮನೆತನದ ಮರ್ಯಾದೆಯ ಬೀಗವೂ ಉಂಟು. ಕೇಂದ್ರ ಸರ್ಕಾರವು ಹದಿಮೂರು ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯ ವರದಿಯ ಪ್ರಕಾರ, ದೌರ್ಜನ್ಯವೆಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರೇ ಆಗಿದ್ದರು.

ಹಾಗೆಂದು ದೌರ್ಜನ್ಯಕ್ಕೀಡಾದ ಪ್ರತಿಯೊಬ್ಬಳೂ ಬಾಳೆಲ್ಲ ಬಳಲಲೇಬೇಕೆಂಬ ನಿಯಮವಿಲ್ಲ. ನಂಬಿಕೆಗೆ ಪಾತ್ರರಾದ ಒಬ್ಬ ಅಜ್ಜಿಯೋ ಅಧ್ಯಾಪಕಿಯೋ ಇದ್ದರೂ ಮಗುವಿಗೆ ದೊಡ್ಡ ಆಸರೆ. ಚಿಕಿತ್ಸೆಯಲ್ಲಿ ಮೊದಲು ಸುರಕ್ಷತೆ, ಅನಂತರ ಸ್ಮರಣೆ ಮತ್ತು ಶೋಕ, ಕಡೆಗೆ ಲೋಕದೊಡನೆ ಮರುಸಂಬಂಧ ಎಂಬ ಕ್ರಮವನ್ನು ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ನಿರೂಪಿಸಿದರು. ಭದ್ರವಾದ ನೆಲೆ ದೊರೆಯುವ ಮುನ್ನವೇ ಕವಚವನ್ನು ಕಸಿಯುವುದು ಉಪಕಾರವಲ್ಲ.

ಆದುದರಿಂದ ಓದುಗರಲ್ಲಿ ಒಂದು ವಿನಂತಿ: ನಿಮ್ಮ ಅಕ್ಕನೋ ಮಡದಿಯೋ ಗೆಳತಿಯೋ ಎಂದಾದರೂ ಬಾಲ್ಯದ ಇಂಥ ನೋವಿನ ಮಾತನ್ನೆತ್ತಿದರೆ, "ಆಗಲೇ ಏಕೆ ಹೇಳಲಿಲ್ಲ?" ಎನ್ನದಿರಿ; ನಂಬಿ, ಕೇಳಿ. ನೆರವು ಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.